ಐಸ್ ತೆಗೆದ ಮೇಲೆ ಪುಸ್ತಕ ಮೇಳ

ಕಳೆದ ಸಂಚಿಕೆಯಲ್ಲಿ ಒಲಿಂಪಿಕ್ಸ್ ಮುಗಿದ ಮೇಲೆ ಹಾಳು ಸುರಿಯುವ ಕಟ್ಟಡಗಳ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ: 'ಇಟಲಿಯ ಟೊರಿನೊದಲ್ಲಿ ಒಂದು ಸ್ಕೇಟಿಂಗ್ ಕಟ್ಟಡವನ್ನು ಮುಂದೆ ವಸ್ತುಪ್ರದರ್ಶನಕ್ಕೆ ಬರಲಿ ಅಂತಲೇ ಕಟ್ಟಿದ್ದರು.' ಈ ಸಲ ಬಂದ ಪತ್ರಗಳು ಆ ಒಂದು ಸಾಲನ್ನೇ ಹಿಡಿದುಕೊಂಡು ಜಗ್ಗಿವೆ. ಸರಿ, ಅದನ್ನೇ ಮಾತಾಡೋಣ.

ಪ್ರಶ್ನೆ: ಮೇಡಂ, ನಾನು ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದೇನೆ. ಥೀಸಿಸ್‌ಗೆ ಒಳಾಂಗಣ ಕ್ರೀಡಾಂಗಣ ತಗೊಂಡಿದ್ದೇನೆ. 'ಆಮೇಲೆ ಎಕ್ಸಿಬಿಷನ್‌ಗೂ ಬರುವ ಹಾಗಿರಲಿ' ಅಂದರು ನಮ್ಮ ಗೈಡ್. ನಾನು ಗ್ಯಾಲರಿಯನ್ನು ಮಡಚಿ ಗೋಡೆಯೊಳಗೆ ತಳ್ಳುವ ಹಾಗೆ ಡಿಸೈನ್ ಮಾಡಿದೆ. ಅಷ್ಟು ಸಾಕಾ? ಟೊರಿನೊದವರು ಏನು ಮಾಡಿದರು?
(ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಸಾಲದಮ್ಮಾ. ಗ್ಯಾಲರಿ ಮಾತು ಆಮೇಲೆ. ಮೊದಲು ಒಂದು ತೀರ್ಮಾನ ಆಗಬೇಕು. ಈ ಕಟ್ಟಡದಲ್ಲಿ ಮನೆಯವರು ಯಾರು, ನೆಂಟರು ಯಾರು?

ಟೊರಿನೊದವರು ಅದನ್ನು ಮೊದಲೇ ತೀರ್ಮಾನಿಸಿಕೊಂಡಿದ್ದರು. 2006ರ ಚಳಿಗಾಲದ ಒಲಿಂಪಿಕ್ಸ್‌ಗೆ 400 ಮೀಟರಿನ ಸ್ಪೀಡ್ ಸ್ಕೇಟಿಂಗ್ ಟ್ರ್ಯಾಕ್ ಬೇಕಿತ್ತು. ಅದು ಎರಡು ವಾರದ ನೆಂಟ. ಹಾಲೆಂಡಿನಲ್ಲಾದರೆ ಆ ಆಟಕ್ಕೆ ಜನ ಮುಗಿಬೀಳುತ್ತಾರೆ, ಇಟಲಿಯಲ್ಲಿ ಹಾಗಿಲ್ಲ. ಅದೇ ಊರಿನಲ್ಲಿ ಲಿಂಗೊಟ್ಟೊ ಅನ್ನುವ ಜಾಗ ಇದೆ. ಅದು ಫಿಯಟ್ ಕಂಪನಿಯ ಹಳೇ ಕಾರ್ಖಾನೆ. 1923ರಲ್ಲಿ ಶುರುವಾದದ್ದು. ತಯಾರಾದ ಕಾರನ್ನು ಓಡಿಸಿ ನೋಡುವುದಕ್ಕೆ ತಾರಸಿ ಮೇಲೇ ಟ್ರ್ಯಾಕ್ ಮಾಡಿದ್ದರು, ಈಗಲೂ ನೋಡಬಹುದು. 1982ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅದನ್ನು ಹೋಟೆಲ್, ಅಂಗಡಿ, ಸಭಾಂಗಣ, ಪ್ರದರ್ಶನ ಕೇಂದ್ರ ಎಲ್ಲ ಇರುವ ಜಾಗವಾಗಿ ಮಾಡಿಕೊಟ್ಟರು. 1992ರಿಂದ ಟೊರಿನೊದ ದೊಡ್ಡ ಪುಸ್ತಕ ಮೇಳ ನಡೆಯುವುದು ಅಲ್ಲೇ.

ಸ್ಕೇಟಿಂಗ್ ಕಟ್ಟಡವನ್ನು ಈ ಪ್ರದರ್ಶನ ಕೇಂದ್ರದ ಮಗ್ಗುಲಿಗೇ ತಂದು ಇಟ್ಟರು. ಹೆಸರು ಓವಲ್ ಲಿಂಗೊಟ್ಟೊ. ಆಗ ಎಚ್‌ಒಕೆ ಸ್ಪೋರ್ಟ್ ಅಂತಿದ್ದ, ಈಗ ಪಾಪ್ಯುಲಸ್ ಅನ್ನುವ ಸಂಸ್ಥೆ ಇಟಲಿಯ ಝೊಪ್ಪಿನಿ ಸ್ಟುಡಿಯೊ ಜೊತೆ ಸೇರಿ ಮಾಡಿದ ಡಿಸೈನ್. ನನ್ನ ಲೆಕ್ಕದಲ್ಲಿ ಅವರ ಜಾಣತನದಲ್ಲಿ ಅರ್ಧ ಪಾಲು ಈ ಜಾಗದ ಆಯ್ಕೆಯದೇ. ಊರಾಚೆ ಬಯಲಿನಲ್ಲಿ ಇದೇ ಕಟ್ಟಡ ಎದ್ದಿದ್ದರೆ, ಆಟ ಮುಗಿದ ಮೇಲೆ ಅದಕ್ಕೆ ಪ್ರದರ್ಶನ ಹುಡುಕಿಕೊಂಡು ತರಬೇಕಿತ್ತು. ಇಲ್ಲಿ ಪ್ರದರ್ಶನಗಳು ಪಕ್ಕದ ಹಾಲ್‌ಗಳಲ್ಲಿ ಜಾಗ ಸಾಲದೆ ಕಾಯುತ್ತಿದ್ದವು. ಹತ್ತಿರದಲ್ಲೇ ರೈಲ್ವೆ ಸ್ಟೇಷನ್ನೂ ಇದೆ.

ಇನ್ನು ಅಳತೆ. 400 ಮೀಟರ್ ಟ್ರ್ಯಾಕ್ ಒಂದೇ ಸುಮಾರು 180 ಮೀಟರ್ ಉದ್ದ, 70 ಮೀಟರ್ ಅಗಲ ತಿನ್ನುತ್ತದೆ. ಸುತ್ತ ಜನರಿಗೆ ಜಾಗ ಸೇರಿಸಿದರೆ 200ಕ್ಕೆ 100 ಆಗುತ್ತದೆ, ನಡುವೆ ಒಂದು ಕಂಬವೂ ಇರಬಾರದು. ಅಂದರೆ 20,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ಎಕರೆ, ಪೂರ್ತಿ ಚಾವಣಿ ಕೆಳಗೆ. ಮಟ್ಟಸವಾದ ನೆಲ, ಉದ್ದ ಚೌಕ, ಕಂಬ ಇಲ್ಲ. ಇದು ಪ್ರದರ್ಶನದವರು ಕನಸಿನಲ್ಲಿ ಕೇಳುವ ಹಾಲ್! ಒಳಗಿದ್ದ ಸುಮಾರು 8,500 ಸೀಟುಗಳನ್ನು ಆಟ ಮುಗಿದ ಮೇಲೆ ತೆಗೆದರು. ಅದೇ ವರ್ಷ ವಿಶ್ವ ಫೆನ್ಸಿಂಗ್ (ಕತ್ತಿವರಸೆ) ಚಾಂಪಿಯನ್‌ಷಿಪ್ ಅಲ್ಲಿ ನಡೆಯಿತು. 2009ರಲ್ಲಿ ಯುರೋಪಿನ ಒಳಾಂಗಣ ಅಥ್ಲೆಟಿಕ್ಸ್. 2010ರಿಂದ ಆರ್ಟಿಸ್ಸಿಮಾ ಅನ್ನುವ ಕಲಾಮೇಳ ಅಲ್ಲಿಗೇ ಬಂತು. ಪುಸ್ತಕ ಮೇಳದ ಮಳಿಗೆಗಳೂ ಅಲ್ಲಿಗೆ ಹರಡಿಕೊಂಡವು. ನಾನು ಹೋದದ್ದು ಪುಸ್ತಕ ಮೇಳದ ಹೊತ್ತಿಗೆ. ಇಟಲಿಯ ಸ್ಕೇಟರ್ ಎನ್ರಿಕೊ ಫ್ಯಾಬ್ರಿಸ್ 1500 ಮೀಟರ್‌ನಲ್ಲಿ ಚಿನ್ನ ಗೆದ್ದ ತಿರುವು ಇಲ್ಲೇ ಎಲ್ಲೋ ಇರಬೇಕು ಅಂತ ಹುಡುಕಿದೆ. ಮಕ್ಕಳ ಪುಸ್ತಕದ ಸ್ಟಾಲು, ಕಾಫಿ ಕೌಂಟರು ಬಿಟ್ಟರೆ ಏನೂ ಸಿಗಲಿಲ್ಲ.

ಈಗ ನಿನ್ನ ಥೀಸಿಸ್‌ಗೆ ಬರೋಣ. ನಿನ್ನ ಆಟ ಯಾವುದು? ಬಾಸ್ಕೆಟ್‌ಬಾಲೋ ಬ್ಯಾಡ್ಮಿಂಟನ್ನೋ ಆದರೆ ಅಂಕಣ ಚಿಕ್ಕದು, ಗ್ಯಾಲರಿ ಬಾಣಲೆ ಥರ ಸುತ್ತ ಎದ್ದಿರುತ್ತದೆ. ಆ ಬಾಣಲೆಯನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದೆಯೋ, ಕಥೆ ಮುಗಿಯಿತು. ಕೆಳಗೆ ನಾಲ್ಕು ಸ್ಟಾಲ್ ಹಾಕುವಷ್ಟು ತಳ, ಸುತ್ತ ಯಾರೂ ಕೂರದ ಮೆಟ್ಟಿಲು. ಮಡಚುವ ಗ್ಯಾಲರಿ ಒಳ್ಳೆಯದೇ. ಆದರೆ ಅದು ಮಡಚಿಕೊಂಡ ಮೇಲೂ ಗೋಡೆ ಪಕ್ಕ ಜಾಗ ತಿನ್ನುತ್ತದೆ. ಪ್ರದರ್ಶನಕ್ಕೆ ಬಾಗಿಲು ಬೇಕಾದದ್ದು ಸರಿಯಾಗಿ ಆ ಗೋಡೆಯಲ್ಲೇ. ನಕ್ಷೆ ತೆಗೆದು ನೋಡು, ಲಾರಿ ಎಲ್ಲಿಂದ ಒಳಗೆ ಬರುತ್ತದೆ? ಆಟದ ಕಟ್ಟಡಕ್ಕೆ ಐಸ್ ನಯ ಮಾಡುವ ಗಾಡಿಯೋ ಮಡಚಿದ ಬಾಸ್ಕೆಟ್‌ಬಾಲ್ ಕಂಬಗಳೋ ಬರುವಷ್ಟು ಬಾಗಿಲಿದ್ದರೆ ಸಾಕು. ಪ್ರದರ್ಶನದ ಹಿಂದಿನ ರಾತ್ರಿ ಮಾತ್ರ ನೂರಾರು ಲಾರಿ ಸಾಲು ನಿಂತಿರುತ್ತವೆ, ಎಲ್ಲರಿಗೂ ಒಂದೇ ಹೊತ್ತಿಗೆ ಒಳಗೆ ಬರಬೇಕು. ನಾಲ್ಕೂವರೆ, ಐದು ಮೀಟರ್ ಎತ್ತರದ ಷಟರ್‌ಗಳು ಹಲವು ಕಡೆ ಬೇಕು, ಹೊರಗೆ ಲಾರಿ ತಿರುಗಿಸುವ ಅಂಗಳ ಬೇಕು. ಇದನ್ನು ಆಮೇಲೆ ಗೋಡೆ ಒಡೆದು ಮಾಡುತ್ತೇನೆ ಅಂದರೆ ಗೋಡೆಯ ಬ್ರೇಸಿಂಗ್ (ಕಟ್ಟಡ ವಾಲದಂತೆ ಹಿಡಿದಿಡುವ ಪಟ್ಟಿಗಳು) ಅಡ್ಡ ಬರುತ್ತದೆ. ಎಂಜಿನಿಯರ್ ಆಗಿ ನಾನೇ ಬೇಡ ಅನ್ನುತ್ತೇನೆ.

ಚಾವಣಿ ಬಗ್ಗೆ ಒಂದೇ ಮಾತು. ಪ್ರದರ್ಶನದವರು ಎಲ್ಲವನ್ನೂ ಮೇಲಿಂದ ನೇತು ಹಾಕುತ್ತಾರೆ: ಬ್ಯಾನರು, ಲೈಟು, ಸ್ಪೀಕರು, ಕೆಲವು ಸಲ ಅರ್ಧ ಕಾರು. ನಡುವೆ ಕಂಬವಿಲ್ಲದೆ 100 ಮೀಟರ್ ಚಾವಣಿ ಹೊರುವ ಟ್ರಸ್‌ಗೆ (ಜಾಲದಂಥ ತೊಲೆಗೆ) ತನ್ನ ತೂಕವೇ ದೊಡ್ಡ ಹೊರೆ. ಎಲ್ಲೆಲ್ಲಿ ಎಷ್ಟೆಷ್ಟು ಕಿಲೋ ತೂಗಬಹುದು ಅಂತ ಮೊದಲ ದಿನವೇ ಲೆಕ್ಕಕ್ಕೆ ತಗೋಬೇಕು. ಆಮೇಲೆ ಸೇರಿಸೋಕೆ ಆಗಲ್ಲ.

ಮುಂದಾಲೋಚನೆ ಇಲ್ಲದೆ ಕಟ್ಟಿದರೂ ಬದಲಾಯಿಸಬಹುದು, ಇಲ್ಲ ಅನ್ನಲ್ಲ. ಮಾಂಟ್ರಿಯಲ್‌ನಲ್ಲಿ 1976ರ ಒಲಿಂಪಿಕ್ಸ್‌ನ ಸೈಕಲ್ ರೇಸಿನ ವೆಲೊಡ್ರೋಮ್ 1992ರಲ್ಲಿ ಗಿಡ, ಪ್ರಾಣಿ, ಪಕ್ಷಿ ತುಂಬಿದ ಬಯೋಡೋಮ್ ಆಯಿತು. ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಚಿಪ್ಪು ಮಾತ್ರ ಉಳಿಸಿಕೊಂಡು ಒಳಗಿನದನ್ನೆಲ್ಲ ಹೊಸದಾಗಿ ಮಾಡಬೇಕಾಯಿತು.

ಪ್ರಶ್ನೆ: ಐಸ್ ಟ್ರ್ಯಾಕ್ ಅಂದ ಮೇಲೆ ನೆಲದೊಳಗೆ ಪೈಪ್ ಇರುತ್ತಲ್ಲ. ಅದರ ಮೇಲೆ ಲಾರಿ ಓಡಿಸಿದರೆ ಏನಾಗುತ್ತೆ? ನಾನು ಕೋಲ್ಡ್ ಸ್ಟೋರೇಜ್ ಕಟ್ಟುವ ಕಂಟ್ರಾಕ್ಟರ್, ಅದಕ್ಕೇ ಕುತೂಹಲ.
(ದಾವಣಗೆರೆ)

ಉತ್ತರ: ಭೇಷ್, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಈ ಥರದ ಕಟ್ಟಡದ ಫೋಟೊ ನೋಡಿ ಎಲ್ಲರೂ ಚಾವಣಿ ಹೊಗಳುತ್ತಾರೆ. ಜಗಳ ಇರುವುದು ನೆಲದಲ್ಲಿ.

ಐಸಿನ ನೆಲ ನಿಮ್ಮ ಕೋಲ್ಡ್ ಸ್ಟೋರೇಜಿನ ಅಣ್ಣ ಇದ್ದ ಹಾಗೆ. ಮೇಲೆ 2.5ರಿಂದ 3 ಸೆಂಟಿಮೀಟರ್ ಐಸ್. ಅದನ್ನು ಒಂದೇ ಸಲ ನೀರು ಸುರಿದು ಕಟ್ಟುವುದಿಲ್ಲ, ತೆಳ್ಳಗೆ ಪದರ ಪದರ ಚಿಮುಕಿಸಿ ಕಟ್ಟುತ್ತಾರೆ. ಅದರ ಕೆಳಗೆ ಕಾಂಕ್ರೀಟ್ ಸ್ಲ್ಯಾಬ್, ಸ್ಲ್ಯಾಬ್ ಒಳಗೆ ಹತ್ತಿರ ಹತ್ತಿರ ಪೈಪುಗಳು, ಅದರಲ್ಲಿ ತಣ್ಣನೆಯ ಗ್ಲೈಕಾಲೋ ಉಪ್ಪುನೀರೋ ಓಡುತ್ತದೆ. ಅದರ ಕೆಳಗೆ ಇನ್ಸುಲೇಷನ್. ಅದಕ್ಕೂ ಕೆಳಗೆ, ನಿಮಗೆ ಗೊತ್ತಿರುತ್ತೆ, ಮಣ್ಣು ಬೆಚ್ಚಗಿಡುವ ಪೈಪು. ಇಲ್ಲದಿದ್ದರೆ ಮಣ್ಣಿನಲ್ಲಿರುವ ನೀರು ಹೆಪ್ಪುಗಟ್ಟಿ ನೆಲ ಉಬ್ಬಿ ಸ್ಲ್ಯಾಬ್ ಬಿರುಕು ಬಿಡುತ್ತದೆ.

ಪ್ರದರ್ಶನದ ನೆಲ ಕೇಳುವುದೇ ಬೇರೆ. ಕೆಲವೇ ಮೀಟರಿಗೊಂದು ಗುಂಡಿಯೋ ಟ್ರೆಂಚೋ ಬೇಕು. ಪ್ರತಿ ಸ್ಟಾಲಿಗೂ ಕರೆಂಟ್, ಇಂಟರ್ನೆಟ್, ಕೆಲವರಿಗೆ ನೀರು, ನೀರು ಹೋಗಲು ಡ್ರೈನ್, ಇನ್ನು ಕೆಲವರಿಗೆ ಕಂಪ್ರೆಸರ್ ಗಾಳಿ. ಭಾರವೂ ಬೇರೆ. ಕಟ್ಟಡಕ್ಕೆ ಎಷ್ಟು ಭಾರ ಲೆಕ್ಕ ಹಿಡಿಯಬೇಕು ಅಂತ ಹೇಳುವ ನಮ್ಮ ಐಎಸ್ 875 ಸಂಹಿತೆ ಜನ ಸೇರುವ ಹಾಲ್‌ಗೆ ಚದರ ಮೀಟರಿಗೆ 4ರಿಂದ 5 ಕಿಲೋನ್ಯೂಟನ್ ಹಿಡಿ ಅನ್ನುತ್ತದೆ, ಅಂದರೆ ಅರ್ಧ ಟನ್ನಿನ ಆಸುಪಾಸು. ಮೆಷಿನ್ ಟೂಲ್ ಮೇಳಕ್ಕೆ ಅಷ್ಟು ಯಾತಕ್ಕೂ ಸಾಲದು. ಜೊತೆಗೆ ಫೋರ್ಕ್‌ಲಿಫ್ಟ್ ಚಕ್ರ ಒಂದೇ ಕಡೆ ಒತ್ತುತ್ತದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳಿದರೆ, ಸ್ಲ್ಯಾಬ್ ದಪ್ಪ ಇದ್ದು, ಕೆಳಗಿನ ಇನ್ಸುಲೇಷನ್ ಗಟ್ಟಿ ಜಾತಿಯದಾಗಿದ್ದರೆ ಲಾರಿ ಓಡಾಡಬಹುದು. ತೊಂದರೆ ಬರುವುದು ಲಾರಿಯಿಂದಲ್ಲ. ಮೂರು ವರ್ಷ ಆದ ಮೇಲೆ ಯಾರೋ ಸ್ಟಾಲ್ ಹಾಕುವ ಹುಡುಗ ಡ್ರಿಲ್ ತಗೊಂಡು ನೆಲಕ್ಕೆ ಆಂಕರ್ ಬೋಲ್ಟ್ ಹೊಡೆಯುತ್ತಾನಲ್ಲ, ಕೆಳಗೆ ಪೈಪ್ ಇದೆ ಅಂತ ಅವನಿಗೆ ಹೇಳಿದವರು ಯಾರು?

ಹಾಗಾಗಿ ಐಸು ಹೋಗುವುದೇ ಗ್ಯಾರಂಟಿ ಅಂತಾದರೆ ನಾನು ಮಾಡುವುದು ಇಷ್ಟು. ಮೊದಲು ಪ್ರದರ್ಶನದ ನೆಲವನ್ನೇ ಪೂರ್ತಿ ಹಾಕಿಸುವುದು, ಟ್ರೆಂಚ್, ಗುಂಡಿ ಎಲ್ಲ ಸೇರಿಸಿ. ಅದರ ಮೇಲೆ ಇನ್ಸುಲೇಷನ್ ಹಾಳೆ, ಅದರ ಮೇಲೆ ಪೈಪಿನ ಚಾಪೆ, ಅದರ ಮೇಲೆ ಐಸು. ಆಟ ಮುಗಿದ ಮೇಲೆ ಚಾಪೆ ಸುತ್ತಿಕೊಂಡು ಹೋಗುವುದು. ಸ್ಕೇಟಿಂಗ್ ಪಂಡಿತರು ಒಪ್ಪುವುದು ಕಷ್ಟ, ಅವರಿಗೆ ಐಸ್ ಗಟ್ಟಿಯಾಗಿ, ಒಂದೇ ಸಮ ಇರಬೇಕು, ಕಾಂಕ್ರೀಟಿನೊಳಗಿನ ಪೈಪೇ ಅವರಿಗೆ ಇಷ್ಟ.

ಗಾಳಿಯದೂ ಇದೇ ಕಥೆ. ಐಸಿನ ಮೇಲಿನ ಗಾಳಿ ಒಣಗಿರಬೇಕು, ಇಲ್ಲದಿದ್ದರೆ ಚಾವಣಿಯಲ್ಲಿ ತೇವ ಕಟ್ಟಿ ಟ್ರ್ಯಾಕ್ ಮೇಲೆ ತೊಟ್ಟಿಕ್ಕುತ್ತದೆ. ಪ್ರದರ್ಶನದಲ್ಲಿ ಸಾವಿರಾರು ಜನರ ಉಸಿರು, ಬೆವರು, ಲೈಟಿನ ಬಿಸಿ, ಮೂಲೆಯಲ್ಲಿ ಪಿಜ್ಜಾ. ಎರಡಕ್ಕೂ ಒಂದೇ ಮೆಷಿನ್ ಸಾಲದು. ಆದರೆ ಡಕ್ಟ್ (ಗಾಳಿಯ ಕೊಳವೆ) ಹೋಗುವ ಜಾಗವನ್ನು ದೊಡ್ಡದಕ್ಕೆ ತಕ್ಕ ಹಾಗೆ ಮೊದಲೇ ಬಿಟ್ಟಿರಬಹುದು. ಬೆಂಕಿಯದನ್ನಂತೂ ಮರೆಯಲೇಬಾರದು. ಐಸ್ ಟ್ರ್ಯಾಕ್ ಮೇಲೆ ಉರಿಯುವ ವಸ್ತು ಏನಿರುತ್ತದೆ? ಸ್ಟಾಲುಗಳೋ, ಪ್ಲೈವುಡ್, ಬಟ್ಟೆ, ಕಾಗದ. ಸ್ಪ್ರಿಂಕ್ಲರ್, ಹೊಗೆ ಹೊರಗೆಳೆಯುವ ಫ್ಯಾನ್, ಬಾಗಿಲುಗಳ ಅಗಲ, ಎಲ್ಲದರ ಲೆಕ್ಕವನ್ನೂ ಪ್ರದರ್ಶನಕ್ಕೇ ಮಾಡಬೇಕು.

ಪ್ರಶ್ನೆ: ನಾನು ಕೆಲಸದ ಮೇಲೆ ಮಿಲಾನ್‌ನಲ್ಲಿದ್ದೇನೆ. 2026ರ ಫೆಬ್ರವರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್‌ನ ಸ್ಪೀಡ್ ಸ್ಕೇಟಿಂಗ್ ನೋಡಲು ಹೋದರೆ ಅದು ವಸ್ತುಪ್ರದರ್ಶನದ ಹಾಲ್! ಎರಡು ತಾಸು ದೂರದ ಟೊರಿನೊದಲ್ಲಿ ಸ್ಕೇಟಿಂಗ್‌ಗೇ ಕಟ್ಟಿದ ಕಟ್ಟಡ ಇರುವಾಗ ಇದೇನು ತಮಾಷೆ?
(ಮೂಲತಃ ಶಿರಸಿ)

ಉತ್ತರ: ತಮಾಷೆ ಹೌದು. ನೀವು ಹೋದದ್ದು ರೋ ಎಂಬಲ್ಲಿರುವ ಫಿಯೆರಾ ಮಿಲಾನೊಗೆ. ಅಲ್ಲಿನ ಹಾಲ್‌ಗಳಲ್ಲಿ ತಾತ್ಕಾಲಿಕ ಟ್ರ್ಯಾಕ್ ಹಾಕಿದ್ದರು. ಇನ್ನು ಕೆಲವು ಹಾಲ್‌ಗಳಲ್ಲಿ ಐಸ್ ಹಾಕಿ ಹಾಕಿಯನ್ನೂ ಆಡಿಸಿದರು. (ಈ ಎರಡು 'ಹಾಕಿ'ಗಳನ್ನು ಸಂಪಾದಕರು ಹೇಗೆ ಅಚ್ಚು ಹಾಕಿಸುತ್ತಾರೋ ನೋಡೋಣ.) ಮೊದಲು ಬಾಸೆಲ್ಗಾ ದಿ ಪಿನೆ ಅನ್ನುವ ಬೆಟ್ಟದೂರಿನ ಬಯಲು ಟ್ರ್ಯಾಕಿಗೆ ಚಾವಣಿ ಹಾಕುವ ಮಾತಿತ್ತು, ದುಬಾರಿ ಅಂತ ಕೈಬಿಟ್ಟರು. ಟೊರಿನೊದವರು 'ನಮ್ಮ ಓವಲ್ ಇದೆ, ಬನ್ನಿ' ಅಂದರು. 2023ರಲ್ಲಿ ಆಯ್ಕೆಯಾದದ್ದು ಮಿಲಾನ್.

ಟೊರಿನೊದಲ್ಲಿ ಐಸೇ ಇರಲಿಲ್ಲವಲ್ಲ. ಅದು ಈಗ ಪೂರ್ತಿ ಪ್ರದರ್ಶನದ ಹಾಲ್. ಮತ್ತೆ ಹೊಸದಾಗಿ ಐಸ್ ಹಾಕುವುದೇ ಆದರೆ ಅದನ್ನು ಯಾವ ದೊಡ್ಡ ಹಾಲ್‌ನಲ್ಲಾದರೂ ಹಾಕಬಹುದು. ಹಾಗಾಗಿ ಓವಲ್‌ಗೆ ಇದ್ದ ಸ್ಕೇಟಿಂಗಿನ ಹಕ್ಕೇ ಹೋಗಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ಬದಲಾವಣೆ ಚೆನ್ನಾಗಿ ಆದಷ್ಟೂ ಆಟಕ್ಕೆ ನಷ್ಟ ಜಾಸ್ತಿ. 2006ರಲ್ಲಿ ಫ್ಯಾಬ್ರಿಸ್ ಎರಡು ಚಿನ್ನ ಗೆದ್ದ ದೇಶದಲ್ಲಿ, ಅವನನ್ನು ನೋಡಿ ಆಸೆಪಟ್ಟ ಮಕ್ಕಳಿಗೆ ಚಾವಣಿ ಇರುವ 400 ಮೀಟರ್ ಕಾಯಂ ಟ್ರ್ಯಾಕ್ ಒಂದೂ ಉಳಿಯಲಿಲ್ಲ.

ನಾರ್ವೆಯವರು ನಡುದಾರಿ ಹಿಡಿದರು. 1994ರ ಒಲಿಂಪಿಕ್ಸ್‌ಗೆ ಹಾಮರ್ ಊರಿನಲ್ಲಿ ಕಟ್ಟಿದ ವೈಕಿಂಗ್‌ಸ್ಕಿಪೆಟ್, ಮಗುಚಿಟ್ಟ ಹಡಗಿನ ಆಕಾರ, ಒಳಗೆ ಮರದ ದೊಡ್ಡ ಕಮಾನುಗಳು. ಚಳಿಗಾಲದಲ್ಲಿ ಐಸು, ಆಮೇಲೆ ಐಸು ತೆಗೆದು ಮೇಳ, ಸಂಗೀತ. ಈಸ್ಟರ್ ರಜೆಯಲ್ಲಿ ಸಾವಿರಾರು ಹುಡುಗರು ಕಂಪ್ಯೂಟರ್ ಹೊತ್ತು ತಂದು ಕೂರುವ ಒಂದು ಜಾತ್ರೆಯೂ ಅಲ್ಲೇ ನಡೆಯುತ್ತಾ ಬಂದಿದೆ. ಆದರೆ ಅದು ನಾರ್ವೆ. ಅಲ್ಲಿ ಸ್ಕೇಟಿಂಗ್ ಮನೆಮಗ, ವರ್ಷಕ್ಕೊಮ್ಮೆ ಐಸ್ ಹಾಕಿ ತೆಗೆಯುವ ಖರ್ಚಿಗೆ ಒಂದು ಅರ್ಥ ಇದೆ.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 2006ರಲ್ಲೇ ಟೊರಿನೊದಲ್ಲಿ ಇದರ ಉಲ್ಟಾವೂ ನಡೆದಿತ್ತು. ಫಿಗರ್ ಸ್ಕೇಟಿಂಗ್ ನಡೆದ ಪಾಲಾವೆಲಾ ಮೂಲತಃ 1961ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು. ಇಟಲಿ ಒಂದಾಗಿ ನೂರು ವರ್ಷ ತುಂಬಿದ ಸಂಭ್ರಮ ಅದು. ಮೂರು ಕಾಲಿನ ಮೇಲೆ ನಿಂತ ಕಾಂಕ್ರೀಟಿನ ಹಾಯಿ. ಅದರೊಳಗೆ ವಾಸ್ತುಶಿಲ್ಪಿ ಗಾಯೆ ಔಲೆಂತಿ ಸ್ಕೇಟಿಂಗ್ ಅಂಗಣ ಕೂರಿಸಿದರು. ಐಸ್ ಹಾಕಿಯ ಒಂದಷ್ಟು ಪಂದ್ಯ ನಡೆದದ್ದು ಟೊರಿನೊ ಎಸ್ಪೊಸಿಝಿಯೊನಿಯಲ್ಲಿ. ಅದು ಎಂಜಿನಿಯರ್ ಪಿಯೆರ್ ಲುಯಿಜಿ ನೆರ್ವಿ ಮಾಡಿದ ಪ್ರದರ್ಶನ ಹಾಲ್, ನಮ್ಮಂಥ ಸ್ಟ್ರಕ್ಚರಲ್ ಎಂಜಿನಿಯರುಗಳಿಗೆ ದೇವಸ್ಥಾನ ಇದ್ದ ಹಾಗೆ. ಈಗ ಅದನ್ನು ಊರಿನ ಗ್ರಂಥಾಲಯ ಮಾಡುವ ಕೆಲಸ ಹಿಡಿದಿದ್ದಾರೆ. ಅಂದರೆ ಒಂದೇ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನದ ಎರಡು ಹಾಲ್ ಆಟಕ್ಕೆ ಬಂದವು, ಆಟದ ಒಂದು ಹಾಲ್ ಪ್ರದರ್ಶನಕ್ಕೆ ಹೋಯಿತು.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ? ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚಿದ ಹಾಗೆ ಬಿಚ್ಚಿ ಹಾಕಿದರೆ ಆಗಲ್ವಾ?
(ಮಂಡ್ಯ)

ಉತ್ತರ: ಆಗುತ್ತೆ. ಲಂಡನ್ 2012ರಲ್ಲಿ ಬಾಸ್ಕೆಟ್‌ಬಾಲ್ ಹಾಲನ್ನು ಹಾಗೇ ಮಾಡಿದರು. ಬಿಳಿ ಹೊದಿಕೆಯ ಡೇರೆ, 12,000 ಸೀಟು, ಆಟ ಮುಗಿಯಿತು, ಬಿಚ್ಚಿದರು. ಬಾಕ್ಸಿಂಗ್, ಕುಸ್ತಿ, ಜೂಡೋ, ವೇಟ್‌ಲಿಫ್ಟಿಂಗ್‌ಗೆ ಹೊಸದು ಕಟ್ಟಲೇ ಇಲ್ಲ, ಎಕ್ಸೆಲ್ ಅನ್ನುವ ಪ್ರದರ್ಶನ ಕೇಂದ್ರದಲ್ಲೇ ಮುಗಿಸಿದರು. ಪ್ಯಾರಿಸ್‌ನವರು 2024ರಲ್ಲಿ ಗ್ರಾಂ ಪಲೇಯಲ್ಲಿ ಫೆನ್ಸಿಂಗ್ ಆಡಿಸಿದರು. ಅದು 1900ರ ವಸ್ತುಪ್ರದರ್ಶನದ ಕಟ್ಟಡ! ಪ್ರದರ್ಶನದ ಹಾಲ್‌ಗೆ ಆಟ ತರುವುದು ಸುಲಭ. ನೆಲ, ಬಾಗಿಲು, ಕರೆಂಟ್ ಎಲ್ಲ ಇರುತ್ತದೆ, ಸೀಟು ಜೋಡಿಸಿದರೆ ಆಯಿತು.

ಪ್ರಶ್ನೆ: ನಮ್ಮ ಜಿಲ್ಲಾ ಕೇಂದ್ರದಲ್ಲಿ ಒಳಾಂಗಣ ಕ್ರೀಡಾಂಗಣ ಇದೆ. ಆಟ ಕಡಿಮೆ. ಅದನ್ನು ಕೃಷಿ ಮೇಳ, ಪುಸ್ತಕ ಮೇಳಕ್ಕೆ ಕೊಟ್ಟರೆ ಬಾಡಿಗೆ ಬರುತ್ತದೆ ಅಂತ ನಾವು ಕೆಲವರು ಅರ್ಜಿ ಕೊಡಬೇಕು ಅಂತಿದ್ದೇವೆ. ನಿಮ್ಮ ಅಭಿಪ್ರಾಯ?
(ನಿವೃತ್ತ ಶಿಕ್ಷಕರು, ಊರು ಬರೆಯಬೇಡಿ ಎಂದಿದ್ದಾರೆ)

ಉತ್ತರ: ಮೇಷ್ಟ್ರೇ, ಅರ್ಜಿ ಕೊಡುವ ಮೊದಲು ಒಳಗೆ ಹೋಗಿ ನೆಲ ನೋಡಿ. ಮರದ ನೆಲವೋ ಕಾಂಕ್ರೀಟೋ?

ಯಾಕೆ ಹೇಳುತ್ತೇನೆ ಅಂದರೆ, ಕೆಲವು ವರ್ಷದ ಹಿಂದೆ ಒಂದು ಊರಿನಿಂದ ನನ್ನನ್ನು ಕರೆಸಿದ್ದರು. ಯಾವ ಊರು ಅಂತ ನಾನೂ ಬರೆಯುವುದಿಲ್ಲ. ಬ್ಯಾಡ್ಮಿಂಟನ್ ಅಂಕಣದ ಮರದ ನೆಲದ ಮೇಲೆ ಮೂರು ದಿನ ಗೃಹೋಪಯೋಗಿ ವಸ್ತುಗಳ ಮೇಳ ಮಾಡಿದ್ದರು. ಕಾರ್ಪೆಟ್ ಹಾಸಿದ್ದೇವೆ, ಏನೂ ಆಗಲ್ಲ ಅಂತ ಧೈರ್ಯ. ಒಬ್ಬರು ವಾಟರ್ ಪ್ಯೂರಿಫೈಯರ್ ಮಾರುವವರು, ತೋರಿಸುವುದಕ್ಕೆ ನೀರು ಬೇಕಲ್ಲ, ಹೊರಗಿನ ನಲ್ಲಿಯಿಂದ ಪೈಪ್ ಎಳೆದಿದ್ದಾರೆ. ರಾತ್ರಿ ಪೈಪ್ ಕಿತ್ತುಕೊಂಡಿದೆ. ಬೆಳಿಗ್ಗೆ ಹೊತ್ತಿಗೆ ಕಾರ್ಪೆಟ್ ಕೆಳಗಿನ ಹಲಗೆಗಳು ಹಪ್ಪಳದ ಹಾಗೆ ಎದ್ದಿದ್ದವು. ಮೇಳದ ಬಾಡಿಗೆಯಲ್ಲಿ ಆ ನೆಲದ ಒಂದು ಮೂಲೆಯೂ ರಿಪೇರಿ ಆಗುತ್ತಿರಲಿಲ್ಲ. ಆ ವರ್ಷ ಪೂರ್ತಿ ಅಲ್ಲಿನ ಮಕ್ಕಳು ಹೊರಗೆ ಸಿಮೆಂಟ್ ನೆಲದ ಮೇಲೆ ಆಡಿದರು.

ನಿಮ್ಮಲ್ಲಿ ಕಾಂಕ್ರೀಟ್ ನೆಲ ಇದ್ದು, ಅಂಕಣಕ್ಕೆ ಸುತ್ತಿಡುವ ಮ್ಯಾಟ್ ಇದ್ದರೆ ಮೇಳ ಮಾಡಬಹುದು. ಬಾಗಿಲು ಎಷ್ಟು, ಹೊರಕ್ಕೆ ತೆರೆಯುತ್ತವಾ ಅಂತ ಅಗ್ನಿಶಾಮಕದವರಿಗೆ ಮೊದಲೇ ತೋರಿಸಿ. ಮರದ ನೆಲ ಆದರೆ ದಯವಿಟ್ಟು ಅರ್ಜಿ ಕೊಡಬೇಡಿ. ಪಕ್ಕದ ಮೈದಾನದಲ್ಲಿ ಶಾಮಿಯಾನ ಹಾಕಿ, ದಸರಾ ವಸ್ತುಪ್ರದರ್ಶನಕ್ಕೆ ಹೋದ ಹಾಗೆ ಜನ ಬರುತ್ತಾರೆ. ಆಟ ಕಡಿಮೆ ಅಂದಿರಲ್ಲ, ಅದಕ್ಕೆ ಬೇರೆಯದೇ ಅರ್ಜಿ ಬೇಕು. ಬೀಗದ ಕೈ ಯಾರ ಹತ್ತಿರ ಇದೆ, ಸಂಜೆ ಎಷ್ಟು ಗಂಟೆಗೆ ತೆಗೆಯುತ್ತಾರೆ ಅಂತ ಕೇಳುವ ಅರ್ಜಿ.

ಪ್ರಶ್ನೆ: ಓವಲ್ ಚೆನ್ನಾಗಿ ನಡೆಯುತ್ತಿದೆ ಅಂದಿರಿ. ಹಾಗಾದರೆ ಟೊರಿನೊ ಒಲಿಂಪಿಕ್ಸ್‌ನವರು ಬಹಳ ಬುದ್ಧಿವಂತರು ಅಂತಾಯಿತು, ಅಲ್ವಾ?
(ಉಡುಪಿ)

ಉತ್ತರ: ಹಾಗೆ ನಾನು ಹೇಳಲಿಲ್ಲ ಮಾರಾಯರೇ. ಅದೇ ಒಲಿಂಪಿಕ್ಸ್‌ಗೆ ಚೆಸಾನಾ ಪಾರಿಯೊಲ್‌ನಲ್ಲಿ ಬಾಬ್‌ಸ್ಲೆಡ್ ಅನ್ನುವ ಐಸ್ ಬಂಡಿ ಜಾರುವ ದಾರಿ ಕಟ್ಟಿದರು, ಕೆಲವೇ ವರ್ಷದಲ್ಲಿ ಮುಚ್ಚಿದರು. ಪ್ರಾಜೆಲಾಟೊದ ಸ್ಕೀ ಜಂಪ್‌ಗಳೂ ಪಾಳು ಬಿದ್ದವು. ಓವಲ್ ಪಕ್ಕದಿಂದಲೇ ರೈಲು ಹಳಿ ದಾಟಲು ಒಂದು ಕಾಲುಸೇತುವೆ ಇದೆ, ಅದನ್ನು ಹಿಡಿದೆತ್ತಿದ 69 ಮೀಟರ್ ಎತ್ತರದ ಕೆಂಪು ಕಮಾನು ಊರಿಗೆಲ್ಲ ಕಾಣುತ್ತದೆ. ಸೇತುವೆ ದಾಟಿದರೆ ಹಳೇ ಸಗಟು ಮಾರುಕಟ್ಟೆ, ಅಲ್ಲೇ ಕ್ರೀಡಾಪಟುಗಳ ವಸತಿ ಕಟ್ಟಿದ್ದರು. ಅದರಲ್ಲಿ ಒಂದಷ್ಟು ಕಟ್ಟಡಗಳು ಖಾಲಿ ಬಿದ್ದವು. 2013ರಲ್ಲಿ ಆಫ್ರಿಕಾದಿಂದ ಬಂದ ನಿರಾಶ್ರಿತರು, ತಲೆ ಮೇಲೆ ಸೂರಿಲ್ಲದವರು, ಒಳಹೊಕ್ಕು ನೆಲೆಸಿದರು. 2019ರವರೆಗೂ ಅಲ್ಲೇ ಇದ್ದರು. ಹಳಿಯ ಈ ಕಡೆಯ ಹಾಲ್‌ಗೆ ಮುಂದೆ ಬರುವವರು ಯಾರು ಅಂತ ನಕ್ಷೆ ಬರೆಯುವಾಗಲೇ ಗೊತ್ತಿತ್ತು. ಆ ಕಡೆಯ ಮನೆಗಳಿಗೆ ಬಂದು ಸೇರುವವರು ಯಾರು ಅಂತ ಯಾರೂ ಬರೆದಿಟ್ಟುಕೊಂಡಿರಲಿಲ್ಲ.